ಬೂದಿ ಹಾಕಿದಷ್ಟೂ ಬಸಳೆ ಹಳದಿಯಾಗ್ತಿದೆ, ಮಣ್ಣು ಪರೀಕ್ಷೆ ಹೇಗೆ ಮಾಡಿಸಲಿ?

ತುಂಗೆ ತೀರದವಳು (ಈಗ ಮೈಸೂರು):
ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರಗೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿ ಒಂದೂವರೆ ವರ್ಷ ಆಯ್ತು. ಹಿತ್ತಲಲ್ಲಿ 12 ಅಡಿಗೆ 20 ಅಡಿ ಜಾಗ ಇದೆ. ತೀರ್ಥಹಳ್ಳಿಯ ತವರಿಂದ ಹೊರಡುವಾಗ ಅಮ್ಮ ಬಸಳೆ ಕಡ್ಡಿ ಮುರಿದು ಒದ್ದೆ ಬಟ್ಟೆ ಸುತ್ತಿ ಕೊಟ್ಟಿದ್ದರು, ಅದನ್ನು ನೆಟ್ಟೆ. ಜೊತೆಗೆ ಬದನೆ, ಅಲಸಂದೆ. ಯಾವುದೂ ಏಳಿಗೆ ಇಲ್ಲ.

ಬಸಳೆಯ ಹಳೇ ಎಲೆ ಹಸಿರಾಗೇ ಇದೆ. ಕುಡಿ ಎಲೆ ಮಾತ್ರ ನಿಂಬೆಹಣ್ಣಿನ ಬಣ್ಣ, ಅದರಲ್ಲಿ ನರ ಮಾತ್ರ ಹಸಿರು ದಾರ ಹೊಲಿದ ಹಾಗೆ ಕಾಣುತ್ತೆ. ಊರಲ್ಲಿ ಅಮ್ಮ ದಿನಾ ಬಚ್ಚಲೊಲೆ ಬೂದಿಯನ್ನು ಬಸಳೆ ಬುಡಕ್ಕೆ ಹಾಕೋರು, ಎಲೆ ಅಂಗೈ ಅಗಲ ಬರ್ತಿತ್ತು. ನಾನೂ ಚೀಲದಲ್ಲಿ ಬೂದಿ ತರಿಸಿ ತಿಂಗಳಿಗೆ ಎರಡು ಬಕೆಟ್ ಹಾಕಿದೆ. ಹಳದಿ ಇನ್ನೂ ಜಾಸ್ತಿಯಾಯ್ತು. ಅಂಗಡಿಯಲ್ಲಿ ಯೂರಿಯಾ ಹಾಕಿ ಅಂದರು, ಮನಸ್ಸು ಬರಲಿಲ್ಲ. ಸುಮ್ಮನೆ ಏನೇನೋ ಸುರಿಯೋದು ಬಿಟ್ಟು ಮಣ್ಣು ಪರೀಕ್ಷೆ ಮಾಡಿಸೋಣ ಅಂತಿದ್ದೀನಿ. ದಯವಿಟ್ಟು ದಾರಿ ಹೇಳಿ.

ಧಾರವಾಡದ ಕಾಯಿಪಲ್ಲೆ ತೋಟದವ:
ಅಕ್ಕಾರ, ಮೊದಲ ಬೂದಿ ಹಾಕೂದು ನಿಲ್ಲಸ್ರಿ. ನಮ್ಮ ಎರಿ ಹೊಲದಾಗೂ ಇದ ತ್ರಾಸ ಐತಿ. ತುದಿ ಎಲಿ ಹಳದಿ ಆಗಿ ನರ ಹಸರ ಉಳದ್ರ ಅದು ಕಬ್ಬಿಣದ ಕೊರತಿ. ಸಾರಜನಕ ಕಡಿಮಿ ಇದ್ರ ಕೆಳಗಿನ ಹಳೀ ಎಲಿ ಮೊದಲ ಹಳದಿ ಆಗತಾವು. ಯೂರಿಯಾ ಹಾಕಲಿಲ್ಲ, ಚಲೋ ಮಾಡಿದ್ರಿ. ಮನಿ ಕಟ್ಟೂ ಮುಂದ ಹಿತ್ತಲದಾಗ ಏನ್ ತುಂಬ್ಯಾರ, ಒಂದ್ ಸಲ ಅಗದ ನೋಡ್ರಿ.

ಮಣ್ಣಿನ ಲ್ಯಾಬ್, ಮಂಡ್ಯ:
ಮೇಡಂ, ನಾನು ಮಣ್ಣು ಪರೀಕ್ಷೆ ಕೆಲಸದಲ್ಲೇ ಇರೋನು. ನಿಮ್ಮ ತಾಯಿಯವರು ಮಾಡಿದ್ದು ಅಲ್ಲಿಗೆ ಸರಿ. ಮಲೆನಾಡಿನ ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗುತ್ತೆ, ಬೂದಿ ಆ ಹುಳಿ ಮುರಿಯುತ್ತೆ. ನಿಮ್ಮಲ್ಲಿ ಗಾರೆ, ಸಿಮೆಂಟ್ ಚೂರು ಸೇರಿದ್ದರೆ ರಸಸಾರ (pH, ಮಣ್ಣಿನ ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಹುಳಿ, ಹೆಚ್ಚು ಕ್ಷಾರ) ಆಗಲೇ 8 ದಾಟಿರುತ್ತೆ, ಬೂದಿ ಅದನ್ನು ಇನ್ನೂ ಏರಿಸುತ್ತೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ.

ಮನೆಯಲ್ಲೇ ಒಂದು ಕೆಲಸ ಮಾಡಿ. ಒಣಮಣ್ಣು ಒಂದು ಚಮಚ ಬಟ್ಟಲಿಗೆ ಹಾಕಿ ಅರ್ಧ ನಿಂಬೆಹಣ್ಣು ಹಿಂಡಿ. ನೊರೆ ಎದ್ದರೆ ಸುಣ್ಣದಂಶ ಇದೆ ಅಂತ. ಎಷ್ಟಿದೆ ಅಂತ ಗೊತ್ತಾಗೋದು ಪರೀಕ್ಷೆಯಲ್ಲೇ.

ಮಾದರಿ ತೆಗೆಯೋದನ್ನು ಮಾತ್ರ ಶ್ರದ್ಧೆಯಿಂದ ಮಾಡಿ. ಮೇಲಿಂದ ಒಂದು ಹಿಡಿ ಕೆರೆದು ತರೋರೇ ಹೆಚ್ಚು, ಅಂಥ ಮಣ್ಣಿನ ವರದಿ ನಂಬಿ ಗೊಬ್ಬರ ಹಾಕಿದರೆ ದುಡ್ಡೂ ಹೋಯ್ತು, ಬೆಳೆಯೂ ಹೋಯ್ತು. ಐದಾರು ಕಡೆ ಕಸಕಡ್ಡಿ ಸರಿಸಿ, 'ವಿ' ಆಕಾರದಲ್ಲಿ 15 ಸೆಂ.ಮೀ. ಆಳ ಗುಂಡಿ ತೆಗೀರಿ. ಗುಂಡಿಯ ಪಕ್ಕದಿಂದ ಮೇಲಿಂದ ಕೆಳತನಕ ಒಂದಿಂಚು ದಪ್ಪ ಮಣ್ಣು ಕೆತ್ತಿ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ಬೂದಿ ಸುರಿದ ಬುಡ, ಗೊಬ್ಬರದ ಗುಂಡಿ ಹತ್ತಿರದ್ದು ಬೇಡ. ತುಕ್ಕು ಹಿಡಿದ ಸಲಿಕೆಯೂ ಬೇಡ, ಕಬ್ಬಿಣದ ಲೆಕ್ಕ ತಪ್ಪುತ್ತೆ. ಎಲ್ಲ ಬೆರೆಸಿ ಹಾಳೆ ಮೇಲೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಬಿಡಿ. ಅರ್ಧ ಕೆಜಿ ಉಳಿಯೋವರೆಗೂ ಹೀಗೇ ಮಾಡಿ ನೆರಳಲ್ಲಿ ಒಣಗಿಸಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಲ್ಲಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಲಘು ಪೋಷಕಾಂಶವನ್ನೂ (ಕಬ್ಬಿಣ, ಸತುವಿನಂಥ ಸ್ವಲ್ಪವೇ ಸಾಕಾಗೋ ಪೋಷಕಾಂಶ) ನೋಡಿ ಅಂತ ಕೇಳೋದು ಮರೀಬೇಡಿ.

ತುಂಗೆ ತೀರದವಳು:
ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಧಾರವಾಡದ ಅಣ್ಣ ಹೇಳಿದ ಹಾಗೆ ಅಗೆದೆವು. ಒಂದು ಗೇಣು ಕೆಳಗೆ ಗುದ್ದಲಿ ಟಣ್ ಅಂತು. ಒಡೆದ ಇಟ್ಟಿಗೆ, ಗಟ್ಟಿಯಾದ ಗಾರೆ ಹೆಂಟೆ, ಒಂದು ಸಿಮೆಂಟ್ ಚೀಲ ಹಾಗೇ ಕಲ್ಲಾಗಿ ಕೂತಿತ್ತು. ಹದಿನಾಲ್ಕು ಬಾಂಡ್ಲಿ ಹೊರಗೆ ಹಾಕಿದ್ದೀವಿ. ನಿಂಬೆರಸ ಬಿಟ್ಟ ಕೂಡಲೇ ಮಣ್ಣು ಸುರ್ ಅಂತ ನೊರೆಯೆದ್ದಿತು, ಬಟ್ಟಲಿಗೆ ಕಿವಿಯಿಟ್ಟು ಕೇಳಿದೆ.

ವರದಿ ಬಂತು. ರಸಸಾರ 8.4, ಲವಣಾಂಶ 0.4, ಸಾವಯವ ಇಂಗಾಲ ಶೇ. 0.38, ಕಬ್ಬಿಣ 2.9 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ ಇಷ್ಟು ಪಾಲು), ಪೊಟ್ಯಾಶ್ ಹೆಚ್ಚು. ಪಕ್ಕದ ಮನೆಯವರು ಜಿಪ್ಸಂ ಹಾಕಿ ಅಂತಿದ್ದಾರೆ. ಹಾಕಲಾ?

ಮಣ್ಣಿನ ಲ್ಯಾಬ್, ಮಂಡ್ಯ:
ಬೇಡ ಮೇಡಂ. ಜಿಪ್ಸಂ ಸೋಡಿಯಂ ಹೆಚ್ಚಿರೋ ಮಣ್ಣಿಗೆ. ನಿಮ್ಮದು ಸುಣ್ಣದ ತೊಂದರೆ. ಕಬ್ಬಿಣ 4.5 ಆದರೂ ಇರಬೇಕಿತ್ತು. ಪೊಟ್ಯಾಶ್ ಬೂದಿಯಿಂದ ಬಂದಿರೋದು, ಇನ್ನು ಹಾಕೋ ಅಗತ್ಯವಿಲ್ಲ. ಸದ್ಯಕ್ಕೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಸೊಪ್ಪು ತಿನ್ನೋದಾದ್ದರಿಂದ ಸಿಂಪಡಿಸಿದ ಎಲೆ ಕೀಳಬೇಡಿ, ಆಮೇಲೆ ಬಂದಿದ್ದನ್ನು ಚೆನ್ನಾಗಿ ತೊಳೆದು ಬಳಸಿ.

ಮಣ್ಣು ಸುಧಾರಿಸೋಕೆ ಕಾಲ ಬೇಕು. ಎಕರೆಗೆ 10 ಟನ್ ಲೆಕ್ಕದಲ್ಲಿ ನಿಮ್ಮ 240 ಚದರಡಿಗೆ 55 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕಾಗುತ್ತೆ. ಖಾಲಿ ಮಡಿಗೆ ಸೆಣಬು ಚೆಲ್ಲಿ, ಹೂ ಬರೋ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿ. ಮುಂದಿನ ವರ್ಷ ಇದೇ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿಸಿ.

ತುಂಗೆ ತೀರದವಳು:
ಎರಡನೇ ಸಲ ಸಿಂಪಡಿಸಿ ಆರು ದಿನ. ಬಸಳೆ ಕುಡಿಯಲ್ಲಿ ಹೊಸದಾಗಿ ಬಿಚ್ಚಿದ ಎರಡು ಎಲೆ ಪೂರ್ತಿ ಹಸಿರು, ನರ ಬೇರೆಯಾಗಿ ಕಾಣ್ತಿಲ್ಲ. ಫೋಟೋ ಅಮ್ಮನಿಗೆ ಕಳಿಸಿದೆ. ಮುಂದಿನ ವಾರ ಬರ್ತಿದ್ದಾರೆ. ಬೂದಿ ಚೀಲ ತರಬೇಡಿ, ಬದಲಿಗೆ ಕೊಟ್ಟಿಗೆ ಗೊಬ್ಬರ ತನ್ನಿ ಅಂತ ಹೇಳಿದ್ದೀನಿ.