ಪದ ಬೇಕು (ತುರ್ತು): ‘ಜಾಬ್ಸ್ ಟಿಯರ್ಸ್’ ಹುಲ್ಲಿಗೆ ಕನ್ನಡದಲ್ಲಿ ಏನಂತೀರಿ?

ನಮಸ್ಕಾರ. ಗಿಡಗಳ ಹೆಸರಿನ ಫಲಕಗಳನ್ನು ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಕೋಯಿಕ್ಸ್ ಲ್ಯಾಕ್ರಿಮಾ-ಜೋಬಿ (ಇದೇ ಹುಲ್ಲಿನ ಲ್ಯಾಟಿನ್ ಹೆಸರು) ಹತ್ತಿರ ಸಿಕ್ಕಿಕೊಂಡಿದ್ದೇನೆ. ಮುಸುಕಿನ ಜೋಳದಂಥ ಎಲೆ, ಬೂದು ಬಣ್ಣದ ಹೊಳೆಯುವ ಕಾಯಿ, ಒಳಗಿನ ಕಾಳು ತಿನ್ನಬಹುದು. ಯಂತ್ರಾನುವಾದ ‘ಕೆಲಸದ ಕಣ್ಣೀರು’ ಅಂತ ಕೊಟ್ಟಿದೆ! ‘ನೀವಾರ’ ಹಾಕಬಹುದಾ?

—

ನೀವಾರ ಬೇಡ, ಅದು ಕಾಡುಭತ್ತ. ನಿಮಗೆ ಬೇಕಾದ್ದು ಗವೇಧು ಅಥವಾ ಗವೇಧುಕಾ. ಅಮರಕೋಶದಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ. ಶತಪಥ ಬ್ರಾಹ್ಮಣದಲ್ಲಿ ರುದ್ರನಿಗೆ ಇದರದೇ ಚರು, ಅಂದರೆ ಬೇಯಿಸಿದ ಹವಿಸ್ಸು. ನಮ್ಮ ‘ಗೋಧಿ’ ಹುಟ್ಟಿದ್ದೂ ಇಲ್ಲಿಂದಲೇ ಅನ್ನೋದು ನನ್ನ ಹಳೇ ವಾದ.

—

ಗೋಧಿ ಬಂದಿದ್ದು ಗೋಧೂಮದಿಂದ. ಮುಗಿದ ಮಾತು.

ಗವೇಧು ಅಂದರೆ ಫಲಕ ಓದುವವರಿಗೆ ಏನು ತಿಳಿಯುತ್ತೆ? ಇಂಗ್ಲಿಷಿನವರೂ ಲ್ಯಾಟಿನ್ ಹೆಸರನ್ನು ತಮ್ಮ ಮಾತಿಗೆ ತಿರುಗಿಸಿಕೊಂಡವರೇ. ‘ಜಾಬ್ಸ್ ಟಿಯರ್ಸ್’ ಅಂದರೆ ಬೈಬಲ್ಲಿನ ಒಬ್ಬನ ಕಣ್ಣೀರು. ಕನ್ನಡದ ಬೈಬಲ್ಲಿನಲ್ಲಿ ಅವನು ಯೋಬ, ‘ಜಾಬ್’ ಅಲ್ಲ. ಆದರೆ ನಮಗೆ ಕಣ್ಣೀರೇ ಯಾಕೆ? ಒಂದು ಕಾಯಿ ಕೈಯಲ್ಲಿ ಹಿಡಿದು ನೋಡಿ. ತುದಿಯಲ್ಲಿ ಸಣ್ಣ ಬಾಯಿ ಇದೆ. ಗಂಡು ಹೂಗಳ ತೆನೆ ಹೊರಗೆ ಬರೋದು ಅಲ್ಲಿಂದಲೇ. ಆ ಕಡ್ಡಿ, ಈ ಕಡೆಯ ತೊಟ್ಟು ಎರಡನ್ನೂ ಕಿತ್ತರೆ ಆರಪಾರ ತೂತು. ಕೊರೆಯದೆ ದಾರ ಪೋಣಿಸಬಹುದು. ಜಪಮಾಲೆಗೆ ಇದು ಒಗ್ಗಿದ್ದು ಸುಮ್ನೆ ಅಲ್ಲ. ‘ಮಣಿಹುಲ್ಲು’ ಅನ್ನಿ.

—

‘ಮಣಿ’ ಯಾವಾಗ ಕನ್ನಡವಾಯ್ತು? ‘ಹರಳುಹುಲ್ಲು’ ಸಾಕು.

—

ಹರಳು ಅಂದ ಕೂಡಲೇ ಹರಳೆಣ್ಣೆ ನೆನಪಾಗುತ್ತೆ, ಸ್ವಾಮಿ. ‘ಹರಳುಹುಲ್ಲಿನ ಕಾಳು ತಿನ್ನಬಹುದು’ ಅಂತ ಬರೆದರೆ ಯಾರಾದರೂ ಔಡಲ ಬೀಜ ಬಾಯಿಗೆ ಹಾಕಿಯಾರು. ಅದು ವಿಷ! ಎರವಲು ಬೇಡ ಅನ್ನೋರು ಮೊದಲು ‘ಸಕ್ಕರೆ’ಗೆ ಏನಂತಾರೋ ಹೇಳಲಿ.

—

ಸಕ್ಕರೆ ತದ್ಭವ. ಅದು ಬೇರೆ ಲೆಕ್ಕ.

—

ಬೇರೆ ಹೇಗೆ? ಮೂಗು ಸವೆಸಿದರೆ ಎರವಲು ಮನೆಯದಾಗುತ್ತಾ?

—

ಜಗಳದ ನಡುವೆ ಒಂದು ಮಾತು. ಕಾಡಿನಲ್ಲಿ ಬೆಳೆಯುವುದರ ಚಿಪ್ಪು ಕಲ್ಲಿನಂತೆ ಗಟ್ಟಿ. ತಿನ್ನಲೆಂದೇ ಬೆಳೆಸುವ ತಳಿಯ ಚಿಪ್ಪು ತೆಳು, ಸುಲಭವಾಗಿ ಒಡೆಯುತ್ತೆ. ಫಲಕ ಕಾಡಿನದಕ್ಕಾದರೆ ‘ಮಣಿ’ ಸರಿಯಾಗಿಯೇ ಕೂರುತ್ತೆ. ಆದರೆ ‘ಚೀನಾ ಬಾರ್ಲಿ’ ಅಂತ ಮಾತ್ರ ಬರೆಯಬೇಡಿ, ಇದು ಜವೆಗೋಧಿ ಅಲ್ಲ.

—

ಎಲ್ಲರಿಗೂ ಥ್ಯಾಂಕ್ಸ್. ದೊಡ್ಡಕ್ಷರದಲ್ಲಿ ‘ಮಣಿಹುಲ್ಲು’, ಕೆಳಗೆ ಸಣ್ಣದಾಗಿ ‘ಗವೇಧುಕಾ’ ಅಂತ ಕಳಿಸಿಬಿಟ್ಟೆ. ಯೋಬನಿಗೆ ಜಾಗ ಸಾಲಲಿಲ್ಲ. ಸಕ್ಕರೆ ಜಗಳ ಮುಂದುವರಿಸೋರು ದಯವಿಟ್ಟು ವಿಷಯದ ಸಾಲು ಬದಲಿಸಿಕೊಳ್ಳಿ.