ಪದಚರ್ಚೆ: ‘ಆಕಲ್ಟೇಷನ್’ಗೆ ಕನ್ನಡ ಪದ ಬೇಕು (ತುರ್ತು)

ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಖಗೋಳ ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಮುದ್ರಣಕ್ಕೆ ಹೋಗಬೇಕು. 2023ರ ಡಿಸೆಂಬರ್ 12ರಂದು ಲಿಯೋನಾ ಎಂಬ ಕ್ಷುದ್ರಗ್ರಹ ಆರ್ದ್ರಾ ನಕ್ಷತ್ರದ ಮುಂದೆ ಹಾದುಹೋಯಿತಲ್ಲ, ಹೀಗೆ ಒಂದು ಆಕಾಶಕಾಯ ಇನ್ನೊಂದನ್ನು ಮರೆಮಾಡುವ ಘಟನೆಗೆ, ಇಂಗ್ಲಿಷಿನ ಆಕಲ್ಟೇಷನ್‌ಗೆ, ಏನೆನ್ನಬೇಕು? ‘ಗ್ರಹಣ’ ಎಂದು ಬರೆದೆ, ಭೌತಶಾಸ್ತ್ರದ ಮೇಷ್ಟರು ಹೊಡೆದುಹಾಕಿದರು. ‘ಸಂಕ್ರಮಣ’ ಎಂದರೆ ಎಳ್ಳುಬೆಲ್ಲ ನೆನಪಾಗುತ್ತದೆ. ನೆರಳು ಭೂಮಿಯ ಮೇಲೆ ಸಾಗುವ ಪಟ್ಟಿಗೂ ಒಂದು ಪದ ಬೇಕು. ಟರ್ಕಿ, ಗ್ರೀಸ್, ಇಟಲಿ, ಸ್ಪೇನ್ ದಾಟಿ ಫ್ಲಾರಿಡಾ, ಮೆಕ್ಸಿಕೊವರೆಗೆ ಹೋದ ಪಟ್ಟಿ ಅದು.

ಉಡುಪಿಯಿಂದ:

ಆಚ್ಛಾದನ. ಇದರಲ್ಲಿ ಚರ್ಚಿಸಲು ಏನೂ ಇಲ್ಲ. ಸಿದ್ಧಾಂತ ಜ್ಯೋತಿಷದಲ್ಲಿ ಮುಚ್ಚುವುದು ಛಾದಕ, ಮುಚ್ಚಿಸಿಕೊಳ್ಳುವುದು ಛಾದ್ಯ. ಲಿಯೋನಾ ಛಾದಕ, ಆರ್ದ್ರಾ ಛಾದ್ಯ. ಮರಾಠಿಯವರು ಪಿಧಾನ ಎನ್ನುತ್ತಾರೆ, ಹಿಂದಿಯವರದು ಉಪಗೂಹನ. ಉಪಗೂಹನಕ್ಕೆ ಆಲಿಂಗನವೆಂಬ ಅರ್ಥವೂ ಇರುವುದರಿಂದ ನಾನು ಅದನ್ನು ಫಲಕಕ್ಕೆ ಸೂಚಿಸಲಾರೆ.

ಶಿವಮೊಗ್ಗದಿಂದ:

ಮತ್ತೆ ಸಂಸ್ಕೃತದ ಉಗ್ರಾಣಕ್ಕೇ ಓಟ. ಬಿಸಿಲಿಗೆ ಮರೆ ಕಟ್ಟುವವರಿಗೆ, ಚಂದ್ರ ಮೋಡದ ಮರೆಗೆ ಸರಿದ ಎನ್ನುವವರಿಗೆ ಪದ ಆಗಲೇ ಗೊತ್ತಿದೆ. ‘ಚುಕ್ಕಿಮರೆ’ ಎನ್ನಿ. ತಮಿಳರು ಮಱೈಪ್ಪು ಎಂದು ನಿಸ್ಸಂಕೋಚವಾಗಿ ಬರೆಯುತ್ತಾರೆ. ಹಾಗೆಯೇ ಕ್ಷುದ್ರಗ್ರಹವನ್ನೂ ಕಿತ್ತುಹಾಕಿ. ಮಾಟಮಂತ್ರದವರ ‘ಕ್ಷುದ್ರ’ ಪಾಪದ ಕಲ್ಲುಬಂಡೆಗೇಕೆ? ಕಿರುಗ್ರಹ ಸಾಕು.

ಉಡುಪಿಯಿಂದ:

ಕಿರುಗ್ರಹ ಅರಿಸಮಾಸ, ಕನ್ನಡ ಸಂಸ್ಕೃತಗಳ ಸಲ್ಲದ ಬೆರಕೆ. ‘ಮರೆ’ ಎಂದರೆ ಓದುಗ ಮರೆವು ಎಂದುಕೊಳ್ಳುತ್ತಾನೆ.

ಶಿವಮೊಗ್ಗದಿಂದ:

ಎಲೆಮರೆಯ ಕಾಯಿ ಎಂದಾಗ ಯಾರಿಗೂ ಮರೆವಿನ ಕಾಯಿಲೆ ಬರಲಿಲ್ಲ. ಇನ್ನು ಅರಿಸಮಾಸದ ಬೆತ್ತ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಗಮಕಕ್ಕೆ, ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ನೀವು ಅವನಿಗಿಂತ ಬಿಗಿ.

ಧಾರವಾಡದಿಂದ:

ಇಬ್ಬರೂ ಹಳೆಯ ಪದವನ್ನು ಬಿಟ್ಟಿರಿ. ವರಾಹಮಿಹಿರ ಗ್ರಹಯುದ್ಧವನ್ನು, ಅಂದರೆ ಗ್ರಹಗಳು ಆಕಾಶದಲ್ಲಿ ತೀರ ಹತ್ತಿರ ಬರುವುದನ್ನು, ನಾಲ್ಕು ಬಗೆ ಮಾಡುತ್ತಾನೆ. ಒಂದು ಬಿಂಬ ಇನ್ನೊಂದನ್ನು ಮರೆಮಾಡುವುದು ‘ಭೇದ’, ಅಂಚು ತಾಗಿದರೆ ‘ಉಲ್ಲೇಖ’. ರೋಹಿಣೀ ಶಕಟಭೇದವನ್ನು, ರೋಹಿಣಿಯ ಬಂಡಿಯಾಕಾರದ ನಕ್ಷತ್ರಗುಂಪನ್ನು ಗ್ರಹವೊಂದು ಹಾಯುವುದನ್ನು, ಪಂಚಾಂಗ ನೋಡುವ ಯಾರೂ ಬಲ್ಲರು. ಆದ್ದರಿಂದ ‘ನಕ್ಷತ್ರಭೇದ’. ಅಂಚು ಸವರಿಕೊಂಡು ಹೋದರೆ ‘ಉಲ್ಲೇಖ’, ಅದಕ್ಕೂ ಪದ ಸಿದ್ಧವಾಗಿದೆ.

ಶಿವಮೊಗ್ಗದಿಂದ:

ವಾಂತಿಭೇದಿಯ ಪಕ್ಕದಲ್ಲಿ ನಕ್ಷತ್ರಭೇದ. ಮಕ್ಕಳು ಫಲಕದ ಮುಂದೆ ನಗುತ್ತಾ ನಿಲ್ಲುತ್ತಾರೆ.

ಬೆಂಗಳೂರಿನಿಂದ:

ದೂರದರ್ಶಕದ ಹಿಂದೆ ಕುಳಿತು ಅಭ್ಯಾಸವಿರುವವನಾಗಿ ಹೇಳುತ್ತೇನೆ. ಆ ಪದ ಏನೇನು ಕೆಲಸ ಮಾಡಬೇಕೆಂದು ಯಾರೂ ಕೇಳಲಿಲ್ಲ. ನಕ್ಷತ್ರ ಬಹುದೂರದಲ್ಲಿರುವುದರಿಂದ ಕ್ಷುದ್ರಗ್ರಹದ ನೆರಳು ಹೆಚ್ಚುಕಡಿಮೆ ಅದರಷ್ಟೇ ಅಗಲವಾಗಿ ಭೂಮಿಯ ಮೇಲೆ ಹಾಯುತ್ತದೆ. ಪಟ್ಟಿಯೊಳಗೆ ನಿಂತವರಿಗೆ ನಕ್ಷತ್ರ ಕೆಲವು ಸೆಕೆಂಡು ಕಾಣುವುದಿಲ್ಲ. ಪ್ರತಿಯೊಬ್ಬರೂ ಅಳೆದ ಅವಧಿ ಆ ಕಾಯದ ಒಂದೊಂದು ಜ್ಯಾ (ಅಂಚಿನಿಂದ ಅಂಚಿಗೆ ಎಳೆದ ಗೆರೆ) ಆಗುತ್ತದೆ, ಹಲವು ಜ್ಯಾಗಳನ್ನು ಸಾಲಾಗಿ ಇಟ್ಟರೆ ಆಕಾರ ಸಿಗುತ್ತದೆ. ಪಟ್ಟಿಯ ಹೊರಗೆ ನಿಂತು ಏನನ್ನೂ ಕಾಣದವನ ವರದಿಗೂ ಬೆಲೆಯಿದೆ, ಅಂಚು ಎಲ್ಲಿದೆ ಎಂದು ಹೇಳುವವನು ಅವನೇ. ಹಾಗಾಗಿ ‘ಆಗಲಿಲ್ಲ’, ‘ಅರೆಯಾಯಿತು’ ಎಂಬುದನ್ನೂ ಪದ ತಾಳಿಕೊಳ್ಳಬೇಕು. ಆರ್ದ್ರಾ ಪೂರ್ತಿ ಮರೆಯಾಗಲೇ ಇಲ್ಲ! ಅದು ದೈತ್ಯ ನಕ್ಷತ್ರ. ನಮಗೆ ಕಾಣುವ ಅದರ ಬಿಂಬವೂ ಲಿಯೋನಾದ ಬಿಂಬವೂ ಸರಿಸುಮಾರು ಒಂದೇ ಗಾತ್ರದವು. ಬೆಳಕು ಕುಂದಿತು, ಅಷ್ಟೇ. ಧಾರವಾಡದವರು ಇದನ್ನು ‘ಭೇದ’ದಲ್ಲಿ ಹೇಗೆ ಹೇಳುತ್ತಾರೆ?

ಮುನ್ನೆಣಿಕೆಯ ಕಷ್ಟವನ್ನೂ ಫಲಕದಲ್ಲಿ ಬಿಡಬೇಡಿ. ನಕ್ಷತ್ರದ ಸ್ಥಾನದಲ್ಲೋ ಕಾಯದ ಕಕ್ಷೆಯಲ್ಲೋ ಕೂದಲೆಳೆಯಷ್ಟು ತಪ್ಪಿದರೂ ಪಟ್ಟಿ ಬೇರೆ ಊರಿಗೆ ಸರಿಯುತ್ತದೆ. 2013ರಲ್ಲಿ ಹಾರಿ ನಕ್ಷತ್ರಗಳ ಸ್ಥಾನ ಅಳೆದ ಗಾಯಾ ನೌಕೆಯ ನಕ್ಷತ್ರಸೂಚಿ ಬಂದ ಮೇಲೆ ಈ ಕೆಲಸ ಎಷ್ಟೋ ಸುಧಾರಿಸಿತು. ಈಗ ಆರೊಕೋತ್ ಎಂದು ಕರೆಯುವ ನೆಪ್ಚೂನ್‌ನಾಚೆಯ ಕೈಪರ್ ಪಟ್ಟಿಯ ಕಾಯಕ್ಕಾಗಿ 2017ರ ಜೂನ್ 3ರಂದು ಅರ್ಜೆಂಟೀನಾ, ದಕ್ಷಿಣ ಆಫ್ರಿಕಾಗಳಲ್ಲಿ ಕಾದವರಿಗೆ ನೆರಳು ಸಿಗಲಿಲ್ಲ. ಜುಲೈ 17ರಂದು ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ 24 ದೂರದರ್ಶಕ ಹೂಡಿದರು. ಗಾಳಿಗೆ ಲಾರಿಗಳನ್ನು ಅಡ್ಡ ನಿಲ್ಲಿಸಿದರು, ಅಲ್ಲಿನ ಕೊಮೊಡೊರೊ ರಿವಡಾವಿಯಾ ಊರಿನ ಬೀದಿದೀಪಗಳನ್ನು ಆರಿಸಿದರು. ಐದರಲ್ಲಿ ನೆರಳು ಸಿಕ್ಕಿತು.

ನಮ್ಮವರ ಸಂಗತಿಯೂ ಇದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾಯುವಾಗ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ತಮಿಳುನಾಡಿನ ಕಾವಲೂರಿನಿಂದ ನೋಡುತ್ತಿದ್ದರು. ಬೆಳಕು ಕುಂದಿದ್ದನ್ನು ಕಂಡು ಹೊಸ ಉಪಗ್ರಹವೆಂದು ಬರೆದರು. ಅಮೆರಿಕದ ತಂಡ ವಿಮಾನದಿಂದ ನೋಡಿ ಉಂಗುರಗಳೆಂದು ಗುರುತಿಸಿತು. ಆ ನಕ್ಷತ್ರ ಆಚ್ಛಾದಿತವಾದದ್ದು ಉಂಗುರದಿಂದ ಎಂಬ ವಾಕ್ಯವನ್ನು ನಾನು ‘ಚುಕ್ಕಿಮರೆ’ಯಲ್ಲಿ ಬರೆಯಲು ನೋಡಿದೆ, ಬಂತು: ‘ಉಂಗುರವು ಚುಕ್ಕಿಗೆ ಮರೆಯಾಯಿತು.’ ಆದರೆ ಯಾವುದು ಮರೆಯಾದದ್ದು, ಉಂಗುರವೋ ಚುಕ್ಕಿಯೋ? ಛಾದಕ, ಛಾದ್ಯದಲ್ಲಿ ಈ ಗೊಂದಲವಿಲ್ಲ.

ಹುಬ್ಬಳ್ಳಿಯಿಂದ:

ಬಸ್ಸು, ರೈಲು, ಪೆನ್ನು ನಮ್ಮವಾಗಿವೆ. ಆಕಲ್ಟೇಷನ್ ಎಂದೇ ಹಾಕಿ, ಮಕ್ಕಳು ನಾಳೆ ಪಠ್ಯದಲ್ಲಿ ಓದುವುದು ಅದನ್ನೇ.

ಶಿವಮೊಗ್ಗದಿಂದ:

ಬಸ್ಸು ಊರಿಗೆ ಬಂದಾಗ ಅದನ್ನು ಹತ್ತಿದವರು ಜನ, ಹೆಸರೂ ಅವರ ಬಾಯಲ್ಲಿ ತಿದ್ದಿಕೊಂಡಿತು. ಆಕಲ್ಟೇಷನ್ ಯಾವ ಊರಿನಲ್ಲಿ ಇಳಿದಿದೆ? ಬೆಂಗಳೂರಿನವರು ವಾಕ್ಯ ಕೆಡಿಸಿಕೊಂಡು ಪದವನ್ನು ದೂರುತ್ತಾರೆ. ‘ಉಂಗುರ ಚುಕ್ಕಿಯನ್ನು ಮರೆಸಿತು’ ಎನ್ನಿ.

ಉಡುಪಿಯಿಂದ:

‘ಮರೆಸಿತು’ ಎಂದರೆ ಮರೆಯುವಂತೆ ಮಾಡಿತು. ನಾನು ಹೇಳಿದ್ದೇ ಇದು.

ಮೈಸೂರಿನಿಂದ:

ಧನ್ಯವಾದಗಳು. ಶೀರ್ಷಿಕೆಗೆ ‘ನಕ್ಷತ್ರದ ಮರೆಯಾಟ’, ವಿವರಣೆಯಲ್ಲಿ ‘ಆಚ್ಛಾದನ’ ಎಂದು ಇಟ್ಟಿದ್ದೇನೆ. ಕ್ಷುದ್ರಗ್ರಹವನ್ನು ಬದಲಿಸಿಲ್ಲ, ಪಠ್ಯಪುಸ್ತಕದಲ್ಲಿರುವುದು ಅದೇ. ನೆರಳಿನ ಪಟ್ಟಿಗೆ ಯಾರೂ ಪದ ಕೊಡಲಿಲ್ಲವಾದ್ದರಿಂದ ‘ನೆರಳುಹಾದಿ’ ಎಂದು ನಾನೇ ಹಾಕಿದ್ದೇನೆ. ಆಕ್ಷೇಪವಿದ್ದರೆ ಬೆಳಗ್ಗೆ ಹನ್ನೊಂದರೊಳಗೆ ತಿಳಿಸಿ.