ವೂಫರ್ ಹಾಕಿದ್ಮೇಲೆ ಹೆಡ್‌ಲೈಟ್ ಮಿಣುಕ್ತಿದೆ, ಬೆಳಗ್ಗೆ ಸ್ಟಾರ್ಟೂ ಕಷ್ಟ. ಆಲ್ಟರ್ನೇಟರ್ ಸಾಲ್ತಿಲ್ವಾ?

ರಾತ್ರಿಸವಾರ:
ಎಲ್ರಿಗೂ ನಮಸ್ಕಾರ. ನಂದು ಎಂಟು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕು, ಬ್ಯಾಟರಿ 45 ಎಎಚ್ (ಆಂಪಿಯರ್-ಅವರ್), ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ತಯಾರಿಸೋದು) ಲೇಬಲ್ ಮೇಲೆ 80 ಆಂಪ್ಸ್ ಅಂತ ಇದೆ. ಎಲ್ಲಾ ಒಂದೇ ಸಲ ಹಾಕ್ಸಿದ್ದಲ್ಲ, ಮೊದ್ಲು ಟಚ್‌ಸ್ಕ್ರೀನ್ ಸ್ಟೀರಿಯೋ, ಆಮೇಲೆ ಹಿಂದೆ ಮುಂದೆ ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್ (ಗಾಡಿ ನಿಲ್ಸಿದಾಗ್ಲೂ ರೆಕಾರ್ಡ್ ಮಾಡೋದು) ಸಮೇತ, ಆಮೇಲೆ 55 ವ್ಯಾಟಿಂದು ಎರಡು ಫಾಗ್ ಲ್ಯಾಂಪು, ಹೋದ ತಿಂಗ್ಳು 4 ಚಾನೆಲ್ ಆಂಪ್ಲಿಫೈಯರ್ರೂ ಡಿಕ್ಕೀಲಿ ಬೇಸ್ ಹೊಡೆಯೋ ಒಂದು ವೂಫರ್ ಸ್ಪೀಕರ್ರೂ. ಹೀಗೆ ಸೇರಿಸ್ತಾ ಸೇರಿಸ್ತಾ ಗಾಡಿ ಈಗ ಮುನಿಸ್ಕೊಂಡಿದೆ. ರಾತ್ರಿ ಸಿಗ್ನಲ್‌ನಲ್ಲಿ ನಿಂತಾಗ ಬೇಸ್ ಹೊಡೆದ ಹಾಗೆಲ್ಲಾ ಹೆಡ್‌ಲೈಟು ತಾಳಕ್ಕೆ ಸರಿಯಾಗಿ ಕಣ್ಣು ಹೊಡೆಯುತ್ತೆ, ಮುಂದಿನ ಗಾಡಿಯವರು ಎರಡು ಸಲ ತಿರುಗಿ ನೋಡಿದ್ರು. ಇನ್ನೊಂದು, ಎರಡು ದಿನ ಗಾಡಿ ತೆಗೀದೆ ಇದ್ರೆ ಮೂರನೇ ದಿನ ಬೆಳಗ್ಗೆ ಬರೀ ಟಕ್ ಟಕ್ ಟಕ್, ಇಂಜಿನ್ ತಿರುಗೋದೇ ಇಲ್ಲ.

ಫಿಟ್ ಮಾಡ್ದೋನು 1 ಫ್ಯಾರಡ್ ಕೆಪಾಸಿಟರ್ (ಸ್ವಲ್ಪ ಕರೆಂಟ್ ಹಿಡಿದಿಟ್ಟು ತಟ್ಟನೆ ಕೊಡೋದು) ಹಾಕಿ ಬ್ಯಾಟರಿ 65ಕ್ಕೆ ಏರಿಸಿ ಅಂತಾನೆ. ಅವನು ಹೇಳಿದ್ದಕ್ಕೆಲ್ಲಾ ಹೂಂ ಅಂದೇ ಇಲ್ಲೀವರೆಗೆ ಬಂದಿರೋದು, ಅದಕ್ಕೆ ಈ ಸಲ ಮೊದ್ಲು ಕೇಳೋಣ ಅಂತ. ಗಾಡಿ ಎಷ್ಟು ತಡ್ಕೊಳ್ಳುತ್ತೆ ಅನ್ನೋದನ್ನ ಲೆಕ್ಕ ಹಾಕೋದು ಹೆಂಗೆ?

ಬೂಸ್ಟ್‌ಮಗಾ:
ಬ್ಯಾಟರಿ ದೊಡ್ಡದು ಹಾಕ್ಸು ಗುರು, ಎಲ್ಲಾ ಸರಿ ಹೋಗುತ್ತೆ. ನಾನೂ ಹಾಕ್ಸಿದೀನಿ, ಸೂಪರ್ ಆಗಿದೆ. ಹಾಕ್ಸಿ ಒಂದು ವಾರ ಆಯ್ತು.

ಹಳೇಸ್ಪ್ಯಾನರ್:
ಬೂಸ್ಟ್‌ಮಗಾ, ಒಂದು ತಿಂಗ್ಳು ಬಿಟ್ಟು ಬಂದು ಹೇಳಪ್ಪಾ. ಬ್ಯಾಟರಿ ಕರೆಂಟ್ ಇಟ್ಕೊಳ್ಳೋ ವಸ್ತು, ದುಡಿಯೋ ವಸ್ತು ಅಲ್ಲ. ದುಡಿಯೋದು ಆಲ್ಟರ್ನೇಟರ್ ಒಂದೇ. ಅದು ಕೊಡೋದಕ್ಕಿಂತ ಖರ್ಚು ಜಾಸ್ತಿ ಇದ್ರೆ 45 ಆಗ್ಲಿ 65 ಆಗ್ಲಿ ಖಾಲಿ ಆಗೇ ಆಗುತ್ತೆ, ದೊಡ್ಡದು ಸ್ವಲ್ಪ ತಡವಾಗಿ ಖಾಲಿ ಆಗುತ್ತೆ, ಆಮೇಲೆ ಅದನ್ನ ತುಂಬಿಸೋ ಕೆಲಸಾನೂ ಅದೇ ಆಲ್ಟರ್ನೇಟರ್ ತಲೆ ಮೇಲೇ ಬೀಳುತ್ತೆ.

ರಾತ್ರಿಸವಾರ ಅವ್ರೇ, ನಿಮ್ದು ಒಂದು ತೊಂದ್ರೆ ಅಲ್ಲ, ಎರಡು. ಲೈಟ್ ಮಿಣುಕೋದು ಬೇರೆ, ಬೆಳಗ್ಗೆ ಸ್ಟಾರ್ಟ್ ಆಗ್ದೇ ಇರೋದು ಬೇರೆ, ಎರಡನ್ನೂ ಒಂದೇ ಗಂಟು ಮಾಡಿದ್ರೆ ದುಡ್ಡು ಮಾತ್ರ ಹೋಗುತ್ತೆ.

ಮೊದ್ಲು ಆ 80 ಅನ್ನೋ ನಂಬರ್ ವಿಷ್ಯ. ಅದು ಆಲ್ಟರ್ನೇಟರ್ ತಾನು ಸುಮಾರು 6000 ಆರ್‌ಪಿಎಂ ತಿರುಗಿದಾಗ, ಸುತ್ತಲ ಗಾಳಿ ತಣ್ಣಗಿದ್ದಾಗ ಕೊಡೋ ಲೆಕ್ಕ. ಪುಲ್ಲಿ ಚಿಕ್ಕದಿರೋದ್ರಿಂದ ಇಂಜಿನ್‌ಗಿಂತ ಎರಡೂವರೆ ಮೂರು ಪಟ್ಟು ಜೋರಾಗಿ ತಿರುಗುತ್ತೆ ನಿಜ, ಆದ್ರೆ ಐಡಲ್‌ನಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ನಿಂತಾಗ, ಇಂಜಿನ್ 750 ಅಂದ್ರೆ ಅಲ್ಲಿ 2000 ಆಸುಪಾಸು ಅಷ್ಟೆ, ಬಾನೆಟ್ ಒಳಗಿನ ಕಾವೂ ಸೇರಿದ್ರೆ ಕೈಗೆ ಸಿಗೋದು ಅರ್ಧದ ಹತ್ರ, 40 ಅಂತ ಇಟ್ಕೊಳ್ಳಿ. ಈಗ ಖರ್ಚು ನೋಡಿ. ಇಂಜಿನ್ ಓಡೋದಕ್ಕೇ, ಅಂದ್ರೆ ಇಸಿಯು (ಇಂಜಿನ್ ಕಂಪ್ಯೂಟರ್) ಫ್ಯೂಯಲ್ ಪಂಪ್ ಇಗ್ನಿಷನ್ ಎಲ್ಲಾ ಸೇರಿ, 10 ಆಂಪ್ಸ್ ಹತ್ರ ಬೇಕು. ಹೆಡ್‌ಲೈಟ್ 8, ಹಿಂದಿನ ಲೈಟು ಮೀಟರ್ ಲೈಟು 3, ಬ್ಲೋವರ್ ಫುಲ್ ಇಟ್ರೆ 15, ರೇಡಿಯೇಟರ್ ಫ್ಯಾನ್ ಬಂತು ಅಂದ್ರೆ ಇನ್ನೊಂದು 15. ಆಗ್ಲೇ 50 ದಾಟ್ತು, ನಿಮ್ಮ ಆಂಪ್ಲಿಫೈಯರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ! ಕಂಪನಿಯವ್ರು ಎಲ್ಲಾ ಒಟ್ಟಿಗೆ ತುಂಬಾ ಹೊತ್ತು ಓಡಲ್ಲ ಅಂತ ನಂಬ್ಕೊಂಡು ಕೊಟ್ಟಿರ್ತಾರೆ. ಅದರ ಮೇಲೆ ನೀವು ಫಾಗ್ ಲ್ಯಾಂಪಿಗೆ 8, ಆಂಪ್ಲಿಫೈಯರ್ರಿಗೆ ಜೋರಾಗಿ ಹಾಕ್ದಾಗ 20 ಸೇರಿಸಿದೀರಿ. ಹೈವೇಲಿ ಏನೂ ಗೊತ್ತಾಗಲ್ಲ, ಸಿಗ್ನಲ್‌ನಲ್ಲೇ ಬಣ್ಣ ಬಯಲಾಗೋದು.

ಕೆಪಾಸಿಟರ್ ಮಾತು ಬಿಡಿ. 1 ಫ್ಯಾರಡ್‌ದು 14 ವೋಲ್ಟಿಂದ 12ಕ್ಕೆ ಇಳಿಯೋಷ್ಟರಲ್ಲಿ ಕೊಡೋದು 26 ಜೂಲ್. 300 ವ್ಯಾಟ್ ಎಳೆದ್ರೆ ಸೆಕೆಂಡಿನ ಹತ್ತನೇ ಒಂದು ಭಾಗಾನೂ ಬರಲ್ಲ. ಬೇಸ್‌ನ ಒಂದು ಏಟಿನ ಮೊದಲ ಚೂರು ತಡ್ಕೊಳ್ಳುತ್ತೆ, ಅಷ್ಟೇ. ಕೆಪಾಸಿಟರ್ ಮೇಲಿನ ನೀಲಿ ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತೆ.

ಏನಾದ್ರೂ ಕೊಂಡ್ಕೊಳ್ಳೋ ಮುಂಚೆ ಅಳೀರಿ. ಡಿಸಿ ಅಳೆಯೋ ಕ್ಲಾಂಪ್ ಮೀಟರ್ (ವೈರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋದು) ಬೇಕು, ಅಗ್ಗದವು ಬಹಳಷ್ಟು ಬರೀ ಎಸಿ ಓದ್ತವೆ, ನೋಡಿ ತಗೊಳ್ಳಿ. ಬ್ಯಾಟರಿ ಮೈನಸ್‌ಗೆ ಬರೋ ಎಲ್ಲಾ ವೈರೂ ಒಟ್ಟಿಗೆ ಕ್ಲಾಂಪ್ ಒಳಗೆ ಬರ್ಬೇಕು, ಜೀರೋ ಮಾಡ್ಕೊಂಡು ಐಡಲ್‌ನಲ್ಲಿ ಒಂದೊಂದೇ ಆನ್ ಮಾಡ್ತಾ ಹೋಗಿ. ಬ್ಯಾಟರಿಗೆ ಕರೆಂಟ್ ಹೋಗ್ತಾ ಇದೆಯಾ ಬ್ಯಾಟರಿಯಿಂದ ಬರ್ತಾ ಇದೆಯಾ ಅನ್ನೋದನ್ನ ಪ್ಲಸ್ ಮೈನಸ್ ಗುರುತೇ ಹೇಳುತ್ತೆ. ಎಲ್ಲಿ ಗುರುತು ಬದಲಾಗುತ್ತೋ ಅದೇ ನಿಮ್ಮ ಗಾಡಿಯ ಮಿತಿ.

ಬೆಳಗ್ಗೆ ತೊಂದ್ರೆಗೆ, ಗಾಡಿ ಲಾಕ್ ಮಾಡಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಕಂಪ್ಯೂಟರ್ರುಗಳೆಲ್ಲಾ ಮಲಗಿದ್ಮೇಲೆ ಅಳೀಬೇಕು. 50 ಮಿಲಿ ಆಂಪ್ಸ್ ಒಳಗಿದ್ರೆ ಪರ್ವಾಗಿಲ್ಲ. ನನ್ನ ಅನುಮಾನ ಡ್ಯಾಶ್‌ಕ್ಯಾಮ್ ಮೇಲೆ.

ತಂತಿಮನುಷ್ಯ:
ಹಳೇಸ್ಪ್ಯಾನರ್ ಅವ್ರು ಹೇಳಿದ್ದು ಬರೋಬ್ಬರಿ ಐತ್ರಿ. ಒಂದು ಮಾತು ಸೇರಸ್ತೀನಿ. ಕ್ಲಾಂಪ್ ಹಾಕೂದ್ರ ಜೊತಿಗೆ ವೋಲ್ಟೇಜ್ ಎಲ್ಲಿ ಬೀಳಾಕತ್ತೈತಿ ಅಂತನೂ ನೋಡ್ರಿ. ಹಾಡು ಜೋರ ಹಾಕಿ, ಮೀಟರ್ರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಆಂಪ್ಲಿಫೈಯರ್ರಿನ ಮೈನಸ್ಸಿಗೆ ಹಿಡೀರಿ. ಅಲ್ಲಿ 0.1 0.2 ವೋಲ್ಟ್ ಬಂದ್ರ ನಡೀತೈತಿ, ಅದಕ್ಕಿಂತ ಜಾಸ್ತಿ ಬಂದ್ರ ಬಾಡಿ ಅರ್ತ್ (ಮೈನಸ್ ವೈರನ್ನ ಗಾಡಿ ತಗಡಿಗೆ ಕಟ್ಟೋ ಜಾಗ) ಕೆಟ್ಟೈತಿ ಅಂತನ ಲೆಕ್ಕ. ಪ್ಲಸ್ ಕಡೀಗೂ ಹಂಗ ಮಾಡ್ರಿ. 8 ಚದರ ಎಂಎಂ ಖರೇ ತಾಮ್ರದ ವೈರು 5 ಮೀಟರ್ ಇದ್ದು 30 ಆಂಪ್ಸ್ ಹರಿದ್ರ ಮೂರು ಪಾಯಿಂಟ್, ಅಂದ್ರ 0.3 ವೋಲ್ಟ್ ಹೋಗೇ ಹೋಗ್ತೈತಿ. ಮ್ಯಾಲೆ ತಾಮ್ರ ಒಳಗ ಅಲ್ಯೂಮಿನಿಯಂ ಇರೋ ವೈರ್ ಹಾಕಿದ್ರ ಅದರ ಒಂದೂವರಿ ಪಟ್ಟು. ಕತ್ತರಿಸಿ ಚಾಕುಲೆ ಕೆರದು ನೋಡ್ರಿ, ಬೆಳ್ಳಗ ಕಂಡ್ರ ಅಲ್ಯೂಮಿನಿಯಂ, ತವರ ಬಳದ ತಾಮ್ರ ಆದ್ರ ಒಳಗ ಕೆಂಪ ಕಾಣ್ತೈತಿ.

ಆಮ್ಯಾಲೆ ಆ ಫಾಗ್ ಲ್ಯಾಂಪಿಗೆ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್) ಹಾಕ್ಯಾರೋ ಇಲ್ಲೋ? ಹೆಡ್‌ಲೈಟ್ ವೈರಿಗೇ ಟ್ಯಾಪ್ ಮಾಡಿದ್ರ ಅದನ್ನ ಮೊದಲ ತಗೀರಿ. ಬ್ಯಾಟರಿ ಹತ್ರ 15 ಆಂಪಿನ ಫ್ಯೂಸು, ಅಲ್ಲಿಂದ ರಿಲೇದ 30 ನಂಬರ್ ಪಿನ್ನಿಗೆ, 87ರಿಂದ ಲ್ಯಾಂಪಿಗೆ, 85 86ರಾಗ ಒಂದು ಸ್ವಿಚ್ಚಿಗೆ, ಇನ್ನೊಂದು ಅರ್ತಿಗೆ. ಫ್ಯೂಸು ಬ್ಯಾಟರಿ ಹಂತ್ಯಾಕ ಇರಬೇಕು, ಲ್ಯಾಂಪಿನ ಹಂತ್ಯಾಕ ಅಲ್ಲ. ಅದು ಕಾಯೂದು ವೈರನ್ನ.

ರಾತ್ರಿಸವಾರ:
ಇಬ್ರಿಗೂ ದೊಡ್ಡ ಥ್ಯಾಂಕ್ಸ್. ಭಾನುವಾರ ಪೂರ್ತಿ ಬಾನೆಟ್ ಎತ್ಕೊಂಡೇ ಕೂತಿದ್ದೆ. ಹಿಂದಿನ ರಾತ್ರಿ ಚಾರ್ಜರ್ ಹಾಕಿ ಬ್ಯಾಟರಿ ಫುಲ್ ಮಾಡ್ಕೊಂಡು ಶುರು ಮಾಡ್ದೆ.

ಐಡಲ್, ಏನೂ ಆನ್ ಇಲ್ಲ: 14.1 ವೋಲ್ಟ್. ಹೆಡ್‌ಲೈಟು ಬ್ಲೋವರ್ ಹಾಕ್ದಾಗ್ಲೂ ಪ್ಲಸ್‌ನಲ್ಲೇ ಇತ್ತು. ಫಾಗ್ ಹಾಕ್ದೆ, ಸೊನ್ನೆ ಹತ್ರ ಓಲಾಡ್ತು. ಹಾಡು ಜೋರು ಮಾಡ್ದೆ, ಮೈನಸ್ 14 ಆಂಪ್ಸ್, ವೋಲ್ಟೇಜ್ 12.4ಕ್ಕೆ ಬಿತ್ತು. ಆಕ್ಸಿಲರೇಟರ್ ಒತ್ತಿ 1300 ಮಾಡಿದ ತಕ್ಷಣ ಮತ್ತೆ ಪ್ಲಸ್ಸು.

ಆಮೇಲೆ ತಂತಿಮನುಷ್ಯ ಅಣ್ಣ ಹೇಳಿದ್ದು. ಮೈನಸ್ ಕಡೆ 0.7 ವೋಲ್ಟ್!! ಡಿಕ್ಕಿ ಕಾರ್ಪೆಟ್ ಎತ್ತಿ ನೋಡಿದ್ರೆ ಫಿಟ್ ಮಾಡಿದ ಪುಣ್ಯಾತ್ಮ ಅರ್ತ್ ಲಗ್ಗನ್ನ (ವೈರ್ ತುದಿಯ ಲೋಹದ ಬಳೆ) ಟ್ರಿಮ್ ಹಿಡಿಯೋ ಸಣ್ಣ ಸ್ಕ್ರೂಗೆ ಪೇಂಟ್ ಮೇಲೇ ಬಿಗಿದಿದಾನೆ, ಲಗ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಕೈ ಇಟ್ರೆ ಬಿಸಿ. ಬೇರೆ ಜಾಗದಲ್ಲಿ ಪೇಂಟ್ ಕೆರೆದು ತಗಡು ಫಳಫಳ ಅನ್ನೋ ಹಾಗೆ ಮಾಡಿ, ಹಲ್ಲಿರೋ ವಾಷರ್ ಹಾಕಿ 8 ಎಂಎಂ ಬೋಲ್ಟಲ್ಲಿ ಬಿಗಿದೆ, ಮೇಲೆ ಒಂದಿಷ್ಟು ಗ್ರೀಸು. ಈಗ 0.1. ಬೇಸ್ ಎಷ್ಟು ಗಟ್ಟಿಯಾಯ್ತು ಅಂದ್ರೆ ಗೇನ್ ಕಮ್ಮಿ ಮಾಡ್ಬೇಕಾಯ್ತು.

ಡ್ಯಾಶ್‌ಕ್ಯಾಮೂ ಸಿಕ್ಕಾಕೊಳ್ತು. ಗಾಡಿ ಮಲಗಿದ್ಮೇಲೂ 0.34 ಆಂಪ್ಸ್ ಎಳೀತಿತ್ತು, ಅದರ ಫ್ಯೂಸ್ ಕಿತ್ರೆ 0.03. ದಿನಕ್ಕೆ 8 ಎಎಚ್ ಆಯ್ತಲ್ವಾ, ಮೂರು ದಿನಕ್ಕೆ ಅರ್ಧ ಬ್ಯಾಟರಿ ಅದೇ ಕುಡಿದು ಮುಗಿಸ್ತಿತ್ತು! ಡ್ಯಾಶ್‌ಕ್ಯಾಮ್ ವೈರಿಂಗ್ ಕಿಟ್ ಮೇಲಿನ ಕಟ್‌ಆಫ್ ಸ್ವಿಚ್ಚು (ಬ್ಯಾಟರಿ ಅಷ್ಟಕ್ಕೆ ಇಳಿದ್ರೆ ಕ್ಯಾಮೆರಾ ಆಫ್ ಮಾಡೋದು) 11.6 ವೋಲ್ಟಲ್ಲಿತ್ತು, 12.4ಕ್ಕೆ ಇಟ್ಟೆ. ಫಾಗ್‌ಗೆ ರಿಲೇ ಇರ್ಲೇ ಇಲ್ಲ, ಈಗ ಇದೆ.

ಐಡಲ್‌ನಲ್ಲಿ ಕಮ್ಮಿ ಬೀಳೋದು ಮಾತ್ರ ಹಾಗೇ ಇದೆ. ಅದಕ್ಕೆ ದೊಡ್ಡ ಆಲ್ಟರ್ನೇಟರ್ ಹಾಕ್ಲಾ?

ಹಳೇಸ್ಪ್ಯಾನರ್:
ಭೇಷ್. ಈಗ್ಲೇ ಬೇಡ. ಸಿಗ್ನಲ್‌ನಲ್ಲಿ ಫಾಗ್ ಆಫ್ ಮಾಡಿದ್ರೇ 8 ಆಂಪ್ಸ್ ಉಳೀತು, ಫಾಗ್ ಇಲ್ದೇ ಇರೋ ಕಡೆ ಅದನ್ನ ಹಾಕ್ಕೊಂಡು ಓಡಾಡೋದೂ ತಪ್ಪೇ ಬಿಡಿ. ಸೌಂಡ್ ಕಮ್ಮಿ ಮಾಡಿದ್ರೆ ಇನ್ನೊಂದಿಷ್ಟು. ಹಳೇ ಕ್ಲಾಸ್ ಎಬಿ ಆಂಪ್ಲಿಫೈಯರ್ ಆಗಿದ್ರೆ ಎಳೆದಿದ್ರಲ್ಲಿ ಅರ್ಧದ ಹತ್ರ ಬರೀ ಶಾಖ ಮಾಡುತ್ತೆ, ಕ್ಲಾಸ್ ಡಿ ಆದ್ರೆ ಅದೇ ಸೌಂಡಿಗೆ ಕರೆಂಟು ಬಹಳ ಕಮ್ಮಿ, ಬದಲಾಯಿಸೋದಾದ್ರೆ ಮೊದ್ಲು ಅದನ್ನ ಬದಲಾಯಿಸಿ. ಆಲ್ಟರ್ನೇಟರ್ರೇ ಬೇಕು ಅಂತಾದ್ರೆ ಡಬ್ಬದ ಮೇಲಿನ ದೊಡ್ಡ ನಂಬರ್ ನೋಡಿ ಮರುಳಾಗ್ಬೇಡಿ, ಐಡಲ್‌ನಲ್ಲಿ ಎಷ್ಟು ಕೊಡುತ್ತೆ ಅಂತ ಕೇಳಿ. 130 ಅಂತ ಬರ್ದಿರೋದು ಕೆಲವು ಐಡಲ್‌ನಲ್ಲಿ ನಿಮ್ಮ ಹಳೇದಕ್ಕಿಂತ ಕಮ್ಮಿ ಕೊಡ್ತವೆ. ಅದರ ಜೊತೆ ಚಾರ್ಜಿಂಗ್ ಕೇಬಲ್ಲು, ಇಂಜಿನ್‌ನಿಂದ ಬಾಡಿಗೆ ಹೋಗೋ ಅರ್ತ್ ಪಟ್ಟಿ ಎಲ್ಲಾ ದಪ್ಪ ಮಾಡ್ಬೇಕು.

ಓದ್ತಿರೋ ಬೇರೆಯವ್ರಿಗೆ: ಹೊಸ ಗಾಡಿಗಳಲ್ಲಿ ಬ್ಯಾಟರಿ ಮೈನಸ್ ಮೇಲೆ ಸೆನ್ಸರ್ ಕೂತಿರುತ್ತೆ, ಅಲ್ಲಿ ಯಾವ ಅರ್ತನ್ನೂ ನೇರವಾಗಿ ಬ್ಯಾಟರಿ ತುದಿಗೆ ಕಟ್ಬೇಡಿ, ಬಾಡಿಗೇ ಕಟ್ಟಿ. ಇಲ್ಲಾಂದ್ರೆ ಆ ಕರೆಂಟು ಸೆನ್ಸರ್ ಕಣ್ಣು ತಪ್ಪಿಸಿ ಹೋಗುತ್ತೆ, ಇಸಿಯು ಬ್ಯಾಟರಿ ತುಂಬಿದೆ ಅಂದ್ಕೊಂಡು ಚಾರ್ಜಿಂಗ್ ಇಳಿಸಿಬಿಡುತ್ತೆ.

ಅಂದ ಹಾಗೆ ರಾತ್ರಿಸವಾರ ಅವ್ರೇ, ಆ ಮೈನಸ್ 14 ಬಂದಾಗ ರೇಡಿಯೇಟರ್ ಫ್ಯಾನ್ ಓಡ್ತಿತ್ತಾ?

ರಾತ್ರಿಸವಾರ:
ಅಯ್ಯೋ. ಹಾಡಿನ ಗಲಾಟೆಲಿ ಕೇಳಿಸ್ಲೇ ಇಲ್ಲ. ಇಂಜಿನ್ ಪೂರ್ತಿ ಬಿಸಿ ಆಗಿರ್ಲಿಲ್ಲ ಅನ್ಸುತ್ತೆ. ನಾಳೆ ರಾತ್ರಿ ಮತ್ತೆ ಬಾನೆಟ್ ಎತ್ತುತ್ತೀನಿ.